ಸಿಕ್ಕಿಬೀಳೋದು ಮಕ್ಕಳು, ಸೂಜಿ ಚುಚ್ಚಿದವರು ಯಾರು?

2023ರ ಸೆಪ್ಟೆಂಬರ್ ತಿಂಗಳು. ದೆಹಲಿಯ ಜವಾಹರಲಾಲ್ ನೆಹರು ಕ್ರೀಡಾಂಗಣದಲ್ಲಿ ದೆಹಲಿ ರಾಜ್ಯ ಅಥ್ಲೆಟಿಕ್ಸ್ ಕೂಟ ನಡೆಯುತ್ತಿತ್ತು. ಅಲ್ಲಿನ ಶೌಚಾಲಯದಲ್ಲಿ ಬಳಸಿ ಬಿಸಾಡಿದ ಸಿರಿಂಜುಗಳ ರಾಶಿ ಇರುವ ವಿಡಿಯೊ ಹೊರಬಂತು. ಅದರ ಬೆನ್ನಿಗೇ ರಾಷ್ಟ್ರೀಯ ಉದ್ದೀಪನ ಮದ್ದು ತಡೆ ಸಂಸ್ಥೆ, ಅಂದರೆ ನಾಡಾದ ಅಧಿಕಾರಿಗಳು ಮೈದಾನಕ್ಕೆ ಬಂದರು. ಅವರು ಬಂದ ಸುದ್ದಿ ಹರಡಿದ್ದೇ ತಡ, ಸ್ಪರ್ಧಿಗಳು ಕಾಣೆಯಾಗತೊಡಗಿದರು. ಪುರುಷರ 100 ಮೀಟರ್ ಫೈನಲ್‌ಗೆ ಗೆರೆಯ ಮೇಲೆ ಬಂದು ನಿಂತದ್ದು ಒಬ್ಬನೇ ಓಟಗಾರ. ಜೂನಿಯರ್ ಸ್ಟೀಪಲ್‌ಚೇಸ್‌ನಲ್ಲಿ, ಅಂದರೆ ಅಡೆತಡೆ ದಾಟುತ್ತಾ ಓಡುವ ಓಟದಲ್ಲಿ, ಒಬ್ಬ ಹುಡುಗಿ ಗುರಿ ಮುಟ್ಟಿದ ಮೇಲೂ ನಿಲ್ಲದೆ ಓಡುತ್ತಲೇ ಹೋದಳು. ಮೂತ್ರದ ಮಾದರಿ ಪಡೆಯಬೇಕಾದ ಅಧಿಕಾರಿ ಅವಳ ಹಿಂದೆ ಓಡಬೇಕಾಯಿತು.

ಈ ಸುದ್ದಿಯನ್ನು ಎಷ್ಟೋ ಜನ ತಮಾಷೆ ಅಂತ ಹಂಚಿಕೊಂಡರು. ನನಗೆ ಮಾತ್ರ ಆ ಹುಡುಗಿಯ ವಿಷಯ ಇವತ್ತಿಗೂ ತಲೆಯಲ್ಲಿ ಕೊರೆಯುತ್ತದೆ. ಜೂನಿಯರ್ ಅಂದರೆ ಇಪ್ಪತ್ತು ವರ್ಷದೊಳಗಿನ ಮಗು. ಪರೀಕ್ಷೆಗೆ ಸಿಕ್ಕರೆ ಏನಾಗುತ್ತದೆ ಅನ್ನೋದು ಅವಳಿಗೆ ಯಾರಿಂದ ಗೊತ್ತಾಯಿತು? ಗಾಬರಿಯಾಗಿ ಓಡುವಷ್ಟು ಭಯ ಎಲ್ಲಿಂದ ಬಂತು? ಅವಳ ಕೋಚ್ ಆಗ ಎಲ್ಲಿದ್ದರು? ಇದನ್ನು ಕೇಳಿದವರು ಕಡಿಮೆ.

ನಮ್ಮಲ್ಲಿ ಉದ್ದೀಪನ ಮದ್ದಿನ ಚರ್ಚೆ ಯಾವಾಗಲೂ ಸಿಕ್ಕಿಬಿದ್ದವರ ಸುತ್ತಲೇ ಸುತ್ತುತ್ತದೆ. ಹುಡುಗ ದುರಾಸೆಗೆ ಬಿದ್ದ, ಹುಡುಗಿ ಅಡ್ಡದಾರಿ ಹಿಡಿದಳು ಅನ್ನುತ್ತೇವೆ. ಆದರೆ 16 ವರ್ಷದ ಮಗು ತಾನಾಗಿಯೇ ಸ್ಟ್ಯಾನೊಜೊಲಾಲ್ ಎಂಬ ಸ್ಟೆರಾಯ್ಡ್ ಔಷಧದ ಹೆಸರು ಕಲಿತು, ಅಂಗಡಿ ಹುಡುಕಿ, ಡೋಸ್ ಲೆಕ್ಕ ಹಾಕಿ, ಕೂಟಕ್ಕೆ ಎಷ್ಟು ದಿನ ಮುಂಚೆ ನಿಲ್ಲಿಸಬೇಕು ಅಂತ ತೀರ್ಮಾನಿಸುತ್ತದಾ? ನಾನು ನಂಬುವುದಿಲ್ಲ. ಆ ಮಗುವಿನ ಪಕ್ಕದಲ್ಲಿ ಒಬ್ಬ ದೊಡ್ಡವರು ಇದ್ದೇ ಇರುತ್ತಾರೆ.

ಅಂಕಿ-ಅಂಶ ಮೊದಲು ನೋಡೋಣ. 2024ರಲ್ಲಿ ಭಾರತದಲ್ಲಿ 7,113 ಮಾದರಿಗಳ ಪರೀಕ್ಷೆ ಆಯಿತು. 260ರಲ್ಲಿ ನಿಷೇಧಿತ ಮದ್ದು ಸಿಕ್ಕಿತು. ಅಂದರೆ ಶೇ 3.6ಕ್ಕಿಂತ ಸ್ವಲ್ಪ ಜಾಸ್ತಿ. ಇಷ್ಟು ದೊಡ್ಡ ಮಟ್ಟದಲ್ಲಿ ಪರೀಕ್ಷೆ ಮಾಡುವ ದೇಶಗಳಲ್ಲಿ ಇದು ಎಲ್ಲರಿಗಿಂತ ಹೆಚ್ಚು. 2022 ಮತ್ತು 2023ರಲ್ಲೂ ನಮ್ಮದೇ ಮೊದಲ ಸ್ಥಾನ. ನಮಗಿಂತ ಮೂರು ಪಟ್ಟು ಹೆಚ್ಚು ಪರೀಕ್ಷೆ ಮಾಡುವ ಚೀನಾದಲ್ಲಿ ಈ ಪ್ರಮಾಣ ಶೇ 1ಕ್ಕಿಂತ ಬಹಳ ಕೆಳಗಿದೆ. ಪರೀಕ್ಷೆ ಜಾಸ್ತಿ ಮಾಡಿದ್ದರಿಂದ ಜಾಸ್ತಿ ಜನ ಸಿಗುತ್ತಿದ್ದಾರೆ ಅನ್ನೋದು ನಾಡಾದ ವಾದ. ಸಂಖ್ಯೆಯ ಮಟ್ಟಿಗೆ ಅದು ಸರಿ. ಪ್ರಮಾಣ ಯಾಕೆ ಹೀಗಿದೆ ಅನ್ನೋದಕ್ಕೆ ಅದು ಉತ್ತರ ಆಗುವುದಿಲ್ಲ.

ನನ್ನನ್ನು ಹೆಚ್ಚು ಕಲಕಿದ್ದು ಇನ್ನೊಂದು ವರದಿ. ವಿಶ್ವ ಉದ್ದೀಪನ ಮದ್ದು ತಡೆ ಸಂಸ್ಥೆ ವಾಡಾ 2024ರ ಜನವರಿಯಲ್ಲಿ ಹದಿನೆಂಟು ತುಂಬದವರ ಬಗ್ಗೆ ಹತ್ತು ವರ್ಷಗಳ ಅಧ್ಯಯನ ಹೊರತಂದಿತು. 2012ರಿಂದ ಈಚೆಗೆ ಜಗತ್ತಿನಾದ್ಯಂತ 1,416 ಮಕ್ಕಳ 1,518 ಮಾದರಿಗಳಲ್ಲಿ ನಿಷೇಧಿತ ಮದ್ದು ಸಿಕ್ಕಿದೆ. ದೇಶಗಳ ಪಟ್ಟಿಯಲ್ಲಿ ರಷ್ಯಾ ಮೊದಲು, ಭಾರತ ಎರಡನೆಯದು. ಸಿಕ್ಕಿಬಿದ್ದ ಅತಿ ಚಿಕ್ಕ ಮಗುವಿಗೆ 12 ವರ್ಷ. ಅನಾಬಾಲಿಕ್ ಸ್ಟೆರಾಯ್ಡ್‌ಗಳ, ಅಂದರೆ ಸ್ನಾಯು ಬೆಳೆಸುವ ಮದ್ದುಗಳ ಜೊತೆಗೆ ಮೂತ್ರ ಹೆಚ್ಚಿಸುವ ಮಾತ್ರೆಗಳೂ ತುಂಬಾ ಸಿಕ್ಕಿವೆ. ಈ ಮಾತ್ರೆಗಳಿಗೆ ಕ್ರೀಡೆಯಲ್ಲಿ ಎರಡು ಉಪಯೋಗ. ಕುಸ್ತಿ, ಬಾಕ್ಸಿಂಗ್, ವೇಟ್‌ಲಿಫ್ಟಿಂಗ್‌ನಲ್ಲಿ ತೂಕ ಇಳಿಸಲು ಒಂದು. ಮೂತ್ರವನ್ನು ತೆಳುವಾಗಿಸಿ ಸ್ಟೆರಾಯ್ಡ್‌ನ ಗುರುತು ಮರೆಮಾಡಲು ಇನ್ನೊಂದು.

ಇಷ್ಟು ಚಿಕ್ಕ ವಯಸ್ಸಿಗೇ ಯಾಕೆ ಶುರುವಾಗುತ್ತದೆ? ಇದಕ್ಕೆ ಉತ್ತರ ನಮ್ಮ ಹಳ್ಳಿ, ಪೇಟೆಗಳಲ್ಲೇ ಇದೆ. ಬಡ ಮನೆಯ ಮಗುವಿಗೆ ಕ್ರೀಡೆ ಸುಮ್ನೆ ಆಟವಲ್ಲ. ಅದು ಊಟ, ಹಾಸ್ಟೆಲ್, ಓದು, ಕೆಲಸ ಎಲ್ಲಾ ಹೌದು. ಜಿಲ್ಲಾ ಮಟ್ಟದಲ್ಲಿ ಚೆನ್ನಾಗಿ ಓಡಿದರೆ ಕ್ರೀಡಾ ಹಾಸ್ಟೆಲ್ ಸಿಗಬಹುದು. ಖೇಲೋ ಇಂಡಿಯಾಗೆ ಆಯ್ಕೆಯಾದರೆ ತಿಂಗಳಿಗೆ 10,000 ರೂಪಾಯಿ ಕೈಖರ್ಚಿಗೆ ಬರುತ್ತದೆ. ಸಿಇಟಿಯಲ್ಲಿ ಕ್ರೀಡಾ ಕೋಟಾ ಇದೆ. ಮುಂದೆ ರೈಲ್ವೆ, ಸೇನೆ, ಪೊಲೀಸ್ ಇಲಾಖೆಯ ಕೆಲಸ. ಇವುಗಳಿಗೆ ಬೇಕಾದದ್ದು ಒಲಿಂಪಿಕ್ಸ್ ಪದಕವಲ್ಲ. ಹದಿನೇಳು, ಹದಿನೆಂಟನೇ ವಯಸ್ಸಿನಲ್ಲಿ ರಾಷ್ಟ್ರಮಟ್ಟದ ಕೂಟದಲ್ಲಿ ಒಂದು ಪದಕ, ಒಂದು ಸರ್ಟಿಫಿಕೇಟ್.

ಈ ಕಿಟಕಿ ತುಂಬಾ ಸಣ್ಣದು. 18 ವರ್ಷದೊಳಗಿನ ವಿಭಾಗ ಕೈತಪ್ಪಿದರೆ 20ರೊಳಗಿನದು. ಅದೂ ತಪ್ಪಿದರೆ ಸೀನಿಯರ್‌ಗಳ ಜೊತೆ ಪೈಪೋಟಿ. ಒಂದು ಋತು ಗಾಯದಲ್ಲಿ ಕಳೆದುಹೋದರೆ ಮನೆಯವರ ಐದಾರು ವರ್ಷದ ಖರ್ಚು ನೀರಿಗೆ ಹೋದ ಹಾಗೆ. ಆಗ ಯಾರಾದರೂ "ಒಂದೇ ಒಂದು ಕೋರ್ಸ್ ಹಾಕೋಣ, ರಿಕವರಿಗೆ ಒಳ್ಳೇದು, ಎಲ್ಲರೂ ತಗೋತಾರೆ" ಅಂದರೆ ಹುಡುಗ ಬೇಡ ಅನ್ನೋದು ಹೇಗೆ? ಹೇಳುತ್ತಿರುವವರು ಅವನ ಗುರು. ಶೂ ಕೊಡಿಸಿದವರೂ ಅವರೇ, ಕೂಟಕ್ಕೆ ಕರೆದುಕೊಂಡು ಹೋಗುವವರೂ ಅವರೇ. ನಮ್ಮ ಮಕ್ಕಳಿಗೆ ನಾವು ಮೊದಲು ಕಲಿಸುವುದೇ ಗುರುಗಳಿಗೆ ಎದುರಾಡಬಾರದು ಅಂತ, ಅಲ್ವಾ?

ಎಲ್ಲಾ ಕೋಚ್‌ಗಳೂ ಹೀಗೆ ಅಂತ ಖಂಡಿತ ಹೇಳುತ್ತಿಲ್ಲ. ಬೆಳಗ್ಗೆ ಐದಕ್ಕೆ ಮೈದಾನಕ್ಕೆ ಬಂದು, ಸ್ವಂತ ಸಂಬಳದಲ್ಲಿ ಮಕ್ಕಳಿಗೆ ಮೊಟ್ಟೆ, ಬಾಳೆಹಣ್ಣು ತಂದುಕೊಡುವ ದೈಹಿಕ ಶಿಕ್ಷಕರು ಕರ್ನಾಟಕದ ಪ್ರತಿ ತಾಲ್ಲೂಕಿನಲ್ಲೂ ಇದ್ದಾರೆ. ಅಡ್ಡದಾರಿಯಿಂದ ಮೊದಲು ಸೋಲುವವರು ಅವರೇ. ಅವರ ಹುಡುಗ ಮೂರನೇ ಸ್ಥಾನಕ್ಕೆ ಬಂದಾಗ ಮುಂದಿದ್ದ ಇಬ್ಬರು ಏನು ತಗೊಂಡಿದ್ದರು ಅನ್ನೋದು ಯಾರಿಗೂ ತಿಳಿಯುವುದಿಲ್ಲ. ತಾಲ್ಲೂಕು, ಜಿಲ್ಲಾ ಮಟ್ಟದಲ್ಲಿ ಪರೀಕ್ಷೆ ಇಲ್ಲವೆಂದೇ ಹೇಳಬೇಕು.

ಇಲ್ಲಿ ಒಂದು ಮಾತು ಪ್ರಾಮಾಣಿಕವಾಗಿ ಹೇಳಬೇಕು. ಸ್ಟೆರಾಯ್ಡ್ ಕೆಲಸ ಮಾಡುತ್ತದೆ. "ಅದರಿಂದ ಏನೂ ಉಪಯೋಗ ಇಲ್ಲ" ಅಂತ ಮಕ್ಕಳಿಗೆ ಹೇಳಿದರೆ ಅವರು ನಮ್ಮನ್ನು ನಂಬುವುದಿಲ್ಲ. ಯಾಕೆಂದರೆ ಪಕ್ಕದ ಲೇನ್‌ನ ಹುಡುಗ ಬದಲಾದದ್ದನ್ನು ಅವರು ಕಣ್ಣಾರೆ ನೋಡಿರುತ್ತಾರೆ. 1996ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಒಂದು ಹೆಸರಾಂತ ಅಧ್ಯಯನದಲ್ಲಿ ಆರೋಗ್ಯವಂತ ಗಂಡಸರಿಗೆ ಹತ್ತು ವಾರ ವಾರಕ್ಕೆ 600 ಮಿಲಿಗ್ರಾಂ ಟೆಸ್ಟೊಸ್ಟೆರಾನ್, ಅಂದರೆ ಸ್ಟೆರಾಯ್ಡ್ ಗುಂಪಿಗೇ ಸೇರಿದ ಗಂಡು ಹಾರ್ಮೋನು ಕೊಟ್ಟರು. ಔಷಧ ಇಲ್ಲದೆ ಬರೀ ವ್ಯಾಯಾಮ ಮಾಡಿದವರಿಗೆ ಕೊಬ್ಬಿಲ್ಲದ ತೂಕ ಸುಮಾರು 2 ಕೆ.ಜಿ. ಹೆಚ್ಚಿತು. ವ್ಯಾಯಾಮವೇ ಮಾಡದೆ ಔಷಧ ಪಡೆದವರಿಗೆ 3 ಕೆ.ಜಿ.ಗಿಂತ ಜಾಸ್ತಿ. ಎರಡೂ ಸೇರಿದವರಿಗೆ 6 ಕೆ.ಜಿ. ಆಸೆ ಹುಟ್ಟುವುದು ಇಲ್ಲೇ. ಆದರೆ ಆ ಅಧ್ಯಯನದಲ್ಲಿದ್ದವರೆಲ್ಲ ಬೆಳೆದು ನಿಂತ ಗಂಡಸರು. ವೈದ್ಯರ ಕಣ್ಗಾವಲಿನಲ್ಲಿದ್ದವರು. ಬೆಳೆಯುತ್ತಿರುವ ಮೈಯ ಕಥೆ ಬೇರೆ.

ಹದಿಹರೆಯದಲ್ಲಿ ಉದ್ದ ಮೂಳೆಗಳ ತುದಿಯಲ್ಲಿ ಮೆದು ಮೂಳೆಯ ಪದರ ಇರುತ್ತದೆ. ಎತ್ತರ ಬೆಳೆಯುವುದು ಅಲ್ಲಿಂದಲೇ. ಹಾರ್ಮೋನುಗಳ ಕೆಲಸ ಮುಗಿದ ಮೇಲೆ ಆ ಪದರ ಗಟ್ಟಿಯಾಗಿ ಮುಚ್ಚಿಕೊಳ್ಳುತ್ತದೆ, ಬೆಳವಣಿಗೆ ನಿಲ್ಲುತ್ತದೆ. ಹೊರಗಿನಿಂದ ಟೆಸ್ಟೊಸ್ಟೆರಾನ್ ಹಾಕಿದಾಗ ದೇಹ ಅದರಲ್ಲಿ ಒಂದಷ್ಟನ್ನು ಈಸ್ಟ್ರೊಜನ್ ಎಂಬ ಹೆಣ್ಣು ಹಾರ್ಮೋನು ಆಗಿ ಬದಲಿಸುತ್ತದೆ. ಈ ಈಸ್ಟ್ರೊಜನ್ನೇ ಪದರವನ್ನು ಬೇಗ ಮುಚ್ಚುವುದು. ಕಾಯಿಗೆ ಕಾರ್ಬೈಡ್ ಹಾಕಿ ಹಣ್ಣು ಮಾಡಿದ ಹಾಗೆ. ಮೇಲೆ ಬಣ್ಣ ಬರುತ್ತದೆ, ಒಳಗೆ ಬಲಿತಿರುವುದಿಲ್ಲ. ಹದಿನೈದಕ್ಕೆ ಮೈಕಟ್ಟು ಬಂದ ಹುಡುಗ ತನಗೆ ಸಿಗಬೇಕಿದ್ದ ಎತ್ತರವನ್ನು ಕಳೆದುಕೊಂಡಿರಬಹುದು. ಆ ಎತ್ತರ ಮತ್ತೆ ಬರುವುದಿಲ್ಲ.

ಹೊರಗಿನಿಂದ ಹಾರ್ಮೋನು ಬರುತ್ತಿದೆ ಅಂತ ಮೆದುಳಿಗೆ ಗೊತ್ತಾದರೆ ಅದು ವೃಷಣಗಳಿಗೆ ಕೆಲಸ ನಿಲ್ಲಿಸಲು ಹೇಳುತ್ತದೆ. ವೃಷಣ ಸಣ್ಣದಾಗುತ್ತದೆ, ವೀರ್ಯಾಣು ಕಡಿಮೆಯಾಗುತ್ತದೆ. ಎದೆ ಹೆಂಗಸರ ಹಾಗೆ ಊದಿಕೊಳ್ಳಬಹುದು. ಇದನ್ನು ತೆಗೆಸಲು ಕೆಲವರಿಗೆ ಶಸ್ತ್ರಚಿಕಿತ್ಸೆಯೇ ಬೇಕಾಗುತ್ತದೆ. ಸ್ಟ್ಯಾನೊಜೊಲಾಲ್, ಮೆಥಾಂಡಿಯೆನೋನ್ ರೀತಿಯ ಸ್ಟೆರಾಯ್ಡ್ ಮಾತ್ರೆಗಳು ಲಿವರ್‌ಗೆ ಪೆಟ್ಟು ಕೊಡುತ್ತವೆ. ಒಳ್ಳೆಯ ಕೊಲೆಸ್ಟರಾಲ್ ಇಳಿದು ಕೆಟ್ಟದ್ದು ಏರುತ್ತದೆ, ಹೃದಯದ ಗೋಡೆ ದಪ್ಪವಾಗುತ್ತದೆ. ಕೋರ್ಸ್ ನಿಲ್ಲಿಸಿದ ಮೇಲೆ ದೇಹದ ಸ್ವಂತ ಹಾರ್ಮೋನು ತಕ್ಷಣ ವಾಪಸ್ ಬರುವುದಿಲ್ಲ. ಆ ತಿಂಗಳುಗಳಲ್ಲಿ ಖಿನ್ನತೆ ಕಾಡುತ್ತದೆ. ಹುಡುಗ ಮಂಕಾಗಿ ಕೂತಾಗ ಮನೆಯವರು ಪದಕ ಬರಲಿಲ್ಲ ಅನ್ನೋ ಬೇಜಾರು ಅಂದುಕೊಳ್ಳುತ್ತಾರೆ.

ಹುಡುಗಿಯರಿಗೆ ಆಗುವ ಹಾನಿ ಇನ್ನೂ ಕಠಿಣ. ಮುಟ್ಟು ತಪ್ಪುತ್ತದೆ. ಮುಖದ ಮೇಲೆ ಕೂದಲು ಬರುತ್ತದೆ. ದನಿ ಒಡೆಯುತ್ತದೆ. ಮುಟ್ಟು ಸರಿಹೋಗಬಹುದು, ಆದರೆ ಒಮ್ಮೆ ದಪ್ಪವಾದ ದನಿ ಮಾತ್ರೆ ಬಿಟ್ಟರೂ ಹಳೆಯ ಹಾಗೆ ಆಗುವುದಿಲ್ಲ. ಹದಿನಾರರ ಹುಡುಗಿಗೆ ಇದನ್ನು ಮೊದಲೇ ಯಾರು ಹೇಳಿರುತ್ತಾರೆ?

ಈಗ ಪರೀಕ್ಷೆಯ ಕೋಣೆಗೆ ಬರೋಣ. ಸ್ಪರ್ಧೆ ಮುಗಿದ ಕೂಡಲೇ ಸಿಬ್ಬಂದಿಯೊಬ್ಬರು ಕ್ರೀಡಾಪಟುವಿನ ಜೊತೆಗೇ ಇರುತ್ತಾರೆ, ಕಣ್ಣು ತಪ್ಪಿಸಲು ಬಿಡುವುದಿಲ್ಲ. ಮೊಹರಾದ ಲೋಟಗಳಲ್ಲಿ ಒಂದನ್ನು ಕ್ರೀಡಾಪಟುವೇ ಆರಿಸಿಕೊಳ್ಳಬೇಕು. ಬಟ್ಟೆಯನ್ನು ಎದೆಯವರೆಗೆ ಎತ್ತಿ, ಮಂಡಿಯವರೆಗೆ ಇಳಿಸಿ, ಅದೇ ಲಿಂಗದ ಅಧಿಕಾರಿಯ ಮುಂದೆ ಮೂತ್ರ ಕೊಡಬೇಕು. ಕನಿಷ್ಠ 90 ಮಿಲಿಲೀಟರ್. ಭಯಕ್ಕೆ ಬಾರದಿದ್ದರೆ ನೀರು ಕುಡಿದು ಕಾಯಬೇಕು. ಜಾಸ್ತಿ ನೀರು ಕುಡಿದು ಮೂತ್ರ ತೆಳುವಾದರೆ ಮತ್ತೊಮ್ಮೆ ಕೊಡಬೇಕು. ಬಂದದ್ದನ್ನು ಎ ಮತ್ತು ಬಿ ಎಂಬ ಎರಡು ಬಾಟಲಿಗೆ ತಾನೇ ಸುರಿದು, ಮುಚ್ಚಳ ತಿರುಗಿಸಿ ಮೊಹರು ಮಾಡಬೇಕು. ನಂತರ ಒಂದು ಫಾರಂ. ಕಳೆದ ಏಳು ದಿನಗಳಲ್ಲಿ ತಗೊಂಡ ಔಷಧ, ಪುಡಿ, ಮಾತ್ರೆ ಎಲ್ಲವನ್ನೂ ಅದರಲ್ಲಿ ಬರೆಯಬೇಕು.

ಆ ಫಾರಂನ ಮುಂದೆ ಕೂತ ಹುಡುಗನನ್ನು ಊಹಿಸಿ. ಅವನಿಗೆ ಕೊಟ್ಟ ಇಂಜೆಕ್ಷನ್ ಮಲ್ಟಿವಿಟಮಿನ್ ಅಂತ ಹೇಳಲಾಗಿದೆ. ಅವನು ಮಲ್ಟಿವಿಟಮಿನ್ ಅಂತಲೇ ಬರೆಯುತ್ತಾನೆ. ಕೆಳಗೆ ಸಹಿ ಹಾಕುತ್ತಾನೆ. ಹದಿನೆಂಟು ತುಂಬದವರ ಜೊತೆ ಒಬ್ಬ ಹಿರಿಯರು ಇರಬಹುದು ಅನ್ನುತ್ತದೆ ನಿಯಮ. ಹಾಗೆ ಬರುವವರು ಎಷ್ಟೋ ಸಲ ಕೋಚೇ ಆಗಿರುತ್ತಾರೆ.

ಮುಂದಿನದ್ದಕ್ಕೆ ಹೊಣೆ ಪೂರ್ತಿ ಅವನದು. ದೇಹದಲ್ಲಿ ಮದ್ದು ಸಿಕ್ಕರೆ ಸಾಕು, ಅದು ತಪ್ಪು. ಯಾರು ಕೊಟ್ಟರು, ಗೊತ್ತಿತ್ತಾ, ಗೊತ್ತಿರಲಿಲ್ವಾ ಅನ್ನೋದೆಲ್ಲ ಶಿಕ್ಷೆಯ ಪ್ರಮಾಣಕ್ಕೆ ಮಾತ್ರ ಸಂಬಂಧಪಟ್ಟದ್ದು. ಸ್ಟೆರಾಯ್ಡ್‌ಗೆ ಸಾಮಾನ್ಯವಾಗಿ ನಾಲ್ಕು ವರ್ಷ ನಿಷೇಧ. ಈ ನಿಯಮ ಇರಲೇಬೇಕು, ಇಲ್ಲದಿದ್ದರೆ ಸಿಕ್ಕಿಬಿದ್ದ ಪ್ರತಿಯೊಬ್ಬರೂ ಗೊತ್ತಿರಲಿಲ್ಲ ಅಂತ ಹೇಳಿ ಪಾರಾಗುತ್ತಾರೆ. ಆದರೆ ತನಿಖೆ ಅಲ್ಲಿಗೇ ನಿಲ್ಲುವುದು ಯಾವ ನ್ಯಾಯ?

ಇದು ನಮ್ಮ ನಾಡಿಗೂ ತಟ್ಟಿದ ನೋವು. ಉಡುಪಿ ಜಿಲ್ಲೆಯ ಸಿದ್ದಾಪುರದ ಅಶ್ವಿನಿ ಅಕ್ಕುಂಜಿ 2010ರಲ್ಲಿ ದೆಹಲಿ ಕಾಮನ್‌ವೆಲ್ತ್ ಕೂಟದ ರಿಲೇ ಚಿನ್ನ ಗೆದ್ದ ತಂಡದಲ್ಲಿದ್ದರು. ಅದೇ ವರ್ಷ ಗುವಾಂಗ್‌ಝೌ ಏಷ್ಯನ್ ಕ್ರೀಡಾಕೂಟದಲ್ಲಿ 400 ಮೀಟರ್ ಹರ್ಡಲ್ಸ್ ಮತ್ತು ರಿಲೇ, ಎರಡರಲ್ಲೂ ಚಿನ್ನ. ಇಡೀ ಕರಾವಳಿ ಸಂಭ್ರಮಿಸಿತು. 2011ರ ಜುಲೈ ಹೊತ್ತಿಗೆ ಅವರೂ ಸೇರಿ ಹಲವು 400 ಮೀಟರ್ ಓಟಗಾರ್ತಿಯರು ಸ್ಟೆರಾಯ್ಡ್ ಪರೀಕ್ಷೆಯಲ್ಲಿ ಸಿಕ್ಕಿಬಿದ್ದರು. ಉಕ್ರೇನ್ ಮೂಲದ ಕೋಚ್ ಚೀನಾದಿಂದ ತಂದುಕೊಟ್ಟ ಜಿನ್ಸೆಂಗ್ ಎಂಬ ಗಿಡಮೂಲಿಕೆಯ ಮಾತ್ರೆಯಿಂದ ಹೀಗಾಯಿತು ಅನ್ನೋದು ಅವರ ವಾದವಾಗಿತ್ತು. ಕೋಚ್‌ನನ್ನು ಕೆಲಸದಿಂದ ತೆಗೆದರು. ನಾಡಾದ ಶಿಸ್ತು ಸಮಿತಿ ಒಂದು ವರ್ಷದ ನಿಷೇಧ ಹಾಕಿತು. 2012ರ ಜುಲೈನಲ್ಲಿ ಅಂತರರಾಷ್ಟ್ರೀಯ ಕ್ರೀಡಾ ನ್ಯಾಯಮಂಡಳಿ ಅದನ್ನು ಎರಡು ವರ್ಷಕ್ಕೆ ಏರಿಸಿತು. ಮಾತ್ರೆ ನುಂಗುವ ಮುಂಚೆ ಕ್ರೀಡಾಪಟುಗಳೇ ವಿಚಾರಿಸಿಕೊಳ್ಳಬೇಕಿತ್ತು ಅನ್ನೋದು ಅದರ ನಿಲುವು. ಲಂಡನ್ ಒಲಿಂಪಿಕ್ಸ್ ಕೈತಪ್ಪಿತು. ಕಾನೂನಿನ ಪ್ರಕಾರ ತೀರ್ಪು ಸರಿ. ಆದರೆ ಒಂದೇ ಶಿಬಿರದಲ್ಲಿ, ಒಬ್ಬರೇ ಕೋಚ್ ಕೈಕೆಳಗೆ ಇಷ್ಟು ಜನ ಒಟ್ಟಿಗೆ ಸಿಕ್ಕಿಬಿದ್ದಾಗ ಅದನ್ನು ಹುಡುಗಿಯರ ವೈಯಕ್ತಿಕ ತಪ್ಪಾಗಿ ಮಾತ್ರ ನೋಡುವುದು ಹೇಗೆ?

ಡಬ್ಬದ ಪುಡಿಗಳ ಅಪಾಯವೂ ಸುಳ್ಳಲ್ಲ. ಜರ್ಮನಿಯ ಕಲೋನ್‌ನ ಪ್ರಯೋಗಾಲಯ 13 ದೇಶಗಳಲ್ಲಿ ಕೊಂಡ 634 ಪೂರಕ ಆಹಾರಗಳನ್ನು ಪರೀಕ್ಷಿಸಿ 2004ರಲ್ಲಿ ವರದಿ ಪ್ರಕಟಿಸಿತು. 94ರಲ್ಲಿ ಲೇಬಲ್ ಮೇಲೆ ನಮೂದಿಸದ ಅನಾಬಾಲಿಕ್ ಸ್ಟೆರಾಯ್ಡ್ ಸಿಕ್ಕಿತು. ಏಳು ಡಬ್ಬಕ್ಕೆ ಒಂದು ಅಂತ ಇಟ್ಟುಕೊಳ್ಳಿ. ನಮ್ಮ ಊರುಗಳಲ್ಲಿ ಜಿಮ್‌ನ ಮೂಲೆಯಲ್ಲೇ ಇಂಥ ಡಬ್ಬಗಳು ಸಾಲಾಗಿ ಇರುತ್ತವೆ. ಟೆಸ್ಟೊಸ್ಟೆರಾನ್, ನ್ಯಾಂಡ್ರೊಲೋನ್ ಎಂಬ ಸ್ಟೆರಾಯ್ಡ್ ಇಂಜೆಕ್ಷನ್‌ಗಳನ್ನು ವೈದ್ಯರ ಚೀಟಿ ಇಲ್ಲದೆ ಮಾರುವಂತಿಲ್ಲ. ಆದರೂ ಜಿಮ್ ಹುಡುಗರ ಮಾತಿನಲ್ಲಿ "ಟೆಸ್ಟೊ" (ಟೆಸ್ಟೊಸ್ಟೆರಾನ್), "ಡೆಕಾ" (ನ್ಯಾಂಡ್ರೊಲೋನ್), "ಸೈಕಲ್" (ಮದ್ದಿನ ಒಂದು ಕೋರ್ಸ್) ಅನ್ನೋದು ಟೀ, ಕಾಫಿಯಷ್ಟೇ ಸಲೀಸು. ಅವರಲ್ಲಿ ಹೆಚ್ಚಿನವರು ಯಾವ ಕೂಟದಲ್ಲೂ ಭಾಗವಹಿಸುವುದಿಲ್ಲ, ಹಾಗಾಗಿ ಯಾವ ಪರೀಕ್ಷೆಗೂ ಸಿಗುವುದಿಲ್ಲ. ಅವರಿಗೆ ಗೊತ್ತಾಗುವುದು ಆಸ್ಪತ್ರೆಯಲ್ಲೇ.

ಮಕ್ಕಳಿಗೆ ಮದ್ದು ಕೊಟ್ಟ ದೊಡ್ಡವರನ್ನು ನಿಜವಾಗಿ ಕೋರ್ಟಿಗೆ ತಂದ ಉದಾಹರಣೆ ಬೇಕಿದ್ದರೆ ಜರ್ಮನಿಯತ್ತ ನೋಡಬೇಕು. ಪೂರ್ವ ಜರ್ಮನಿ 1974ರಲ್ಲಿ 14.25 ಎಂಬ ಗುಟ್ಟಿನ ಸರ್ಕಾರಿ ಯೋಜನೆ ತಂದಿತು. ಓರಲ್ ಟ್ಯೂರಿನಾಬಾಲ್ ಎಂಬ ಸ್ಟೆರಾಯ್ಡ್ ಮಾತ್ರೆಗಳನ್ನು ಕ್ರೀಡಾಶಾಲೆಯ ಮಕ್ಕಳಿಗೆ ವಿಟಮಿನ್ ಅಂತ ಹೇಳಿ ನುಂಗಿಸುತ್ತಿದ್ದರು. ಅಪ್ಪ ಅಮ್ಮಂದಿರಿಗೂ ತಿಳಿಸುತ್ತಿರಲಿಲ್ಲ. ಈಜುಗಾರ್ತಿಯರ ದನಿ ಗಂಡಸರ ಹಾಗಾಯಿತು. ಒಟ್ಟು ಸುಮಾರು 10,000 ಕ್ರೀಡಾಪಟುಗಳು ಇದಕ್ಕೆ ಒಳಗಾದರು ಅನ್ನೋದು ಅಂದಾಜು. ಬರ್ಲಿನ್ ಗೋಡೆ ಬಿದ್ದ ಮೇಲೆ ವಿಜ್ಞಾನಿ ವರ್ನರ್ ಫ್ರಾಂಕೆ ಮತ್ತು ಅವರ ಹೆಂಡತಿ, ಮಾಜಿ ಡಿಸ್ಕಸ್ ಎಸೆತಗಾರ್ತಿ ಬ್ರಿಗಿಟೆ ಬೆರೆಂಡೊಂಕ್ ಕಡತಗಳನ್ನು ಹೊರತೆಗೆದರು. ಯಾವ ಮಗುವಿಗೆ ಯಾವ ವರ್ಷ ಎಷ್ಟು ಮಿಲಿಗ್ರಾಂ ಅಂತ ಅದರಲ್ಲಿ ಬರೆದಿಟ್ಟಿದ್ದರು. 2000ರಲ್ಲಿ ಬರ್ಲಿನ್ ನ್ಯಾಯಾಲಯ ಕ್ರೀಡಾ ಮುಖ್ಯಸ್ಥ ಮಾನ್‌ಫ್ರೆಡ್ ಎವಾಲ್ಡ್ ಮತ್ತು ವೈದ್ಯ ಮಾನ್‌ಫ್ರೆಡ್ ಹೋಪ್ನರ್ ತಪ್ಪಿತಸ್ಥರು ಅಂತ ತೀರ್ಪು ಕೊಟ್ಟಿತು. ಶಿಕ್ಷೆ ಅಮಾನತಿನಲ್ಲಿಟ್ಟದ್ದರಿಂದ ಇಬ್ಬರೂ ಜೈಲಿಗೆ ಹೋಗಲಿಲ್ಲ, ಅದು ತೀರಾ ಕಮ್ಮಿ ಆಯಿತು. ಆದರೂ ಆ ನ್ಯಾಯಾಲಯ ಹುಡುಗಿಯರನ್ನು ಮೋಸಗಾರರು ಅನ್ನಲಿಲ್ಲ. ಅವರ ಮೈಗೆ ಹಾನಿ ಮಾಡಲಾಗಿದೆ ಅಂತ ಒಪ್ಪಿತು.

ನಮ್ಮಲ್ಲಿ ಮದ್ದು ಹಂಚಿದ್ದು ಸರ್ಕಾರವಲ್ಲ. ಆ ವ್ಯತ್ಯಾಸ ದೊಡ್ಡದು, ಒಪ್ಪುತ್ತೇನೆ. ಆದರೆ ಮಗುವಿನ ಮೈಗೆ ಆಗುವ ಹಾನಿಯಲ್ಲಿ ವ್ಯತ್ಯಾಸ ಇಲ್ಲ.

ಹಾಗಂತ ಹೊಸ ನಿಯಮವೇನೂ ಬೇಕಿಲ್ಲ. 2021ರಿಂದ ಜಾರಿಯಲ್ಲಿರುವ ವಾಡಾ ಸಂಹಿತೆಯಲ್ಲೇ ಎಲ್ಲಾ ಇದೆ. 16 ವರ್ಷದೊಳಗಿನವರನ್ನು, ಮತ್ತು ದೊಡ್ಡ ಮಟ್ಟದಲ್ಲಿ ಆಡದ 18ರೊಳಗಿನವರನ್ನು ಅದು ರಕ್ಷಣೆ ಬೇಕಾದವರು ಎಂದು ಗುರುತಿಸುತ್ತದೆ. ಇವರಲ್ಲಿ ಯಾರಾದರೂ ಸಿಕ್ಕಿಬಿದ್ದರೆ ಅವರ ಕೋಚ್, ವೈದ್ಯ, ಸಹಾಯಕರ ಮೇಲೆ ತಾನಾಗಿಯೇ ತನಿಖೆ ಶುರುವಾಗಬೇಕು, ಯಾರೂ ದೂರು ಕೊಡಬೇಕಾಗಿಲ್ಲ. ಒಬ್ಬರಿಗಿಂತ ಹೆಚ್ಚು ಶಿಷ್ಯರು ಸಿಕ್ಕಿಬಿದ್ದಿರುವ ಕೋಚ್ ಮೇಲೂ ಹಾಗೆಯೇ. ಇಂಥ ಮಗುವಿಗೆ ಸ್ಟೆರಾಯ್ಡ್ ಕೊಟ್ಟದ್ದು ಸಾಬೀತಾದರೆ ಆ ಕೋಚ್‌ಗೆ ಜೀವಮಾನ ನಿಷೇಧ. 2022ರ ರಾಷ್ಟ್ರೀಯ ಉದ್ದೀಪನ ಮದ್ದು ತಡೆ ಕಾಯ್ದೆ ಬಂದ ಮೇಲೆ ನಾಡಾಕ್ಕೆ ಶೋಧನೆ ನಡೆಸುವ ಅಧಿಕಾರವೂ ಇದೆ.

ಆದರೆ ನಾಡಾ ಹೊರಹಾಕುವ ಪಟ್ಟಿಗಳನ್ನು ತೆರೆದು ನೋಡಿ. ಸಾಲು ಸಾಲಾಗಿ ಕ್ರೀಡಾಪಟುಗಳು. ಹೆಸರು, ಕ್ರೀಡೆ, ಸಿಕ್ಕ ಮದ್ದು. ನಡುವೆ ಕೋಚ್‌ಗಳು ಕಾಣುವುದು ತುಂಬಾ ಅಪರೂಪ. ಮೂತ್ರದಲ್ಲಿ ಮದ್ದು ಪತ್ತೆ ಮಾಡುವುದು ಯಂತ್ರದ ಕೆಲಸ. ಅದನ್ನು ಕೊಟ್ಟವರನ್ನು ಪತ್ತೆ ಮಾಡಲು ಜನರ ಜೊತೆ ಮಾತಾಡಬೇಕು, ಅಂಗಡಿಯ ಬಿಲ್ ನೋಡಬೇಕು, ಫೋನಿನ ಮೆಸೇಜ್ ನೋಡಬೇಕು. ಹೇಳಿಕೆ ಕೊಡುವ ಮಗುವಿಗೆ ಬೇರೆ ಕೋಚ್, ಬೇರೆ ಹಾಸ್ಟೆಲ್ ಕೊಡಬೇಕು. ಇಲ್ಲದಿದ್ದರೆ ಅದು ಬಾಯಿ ಬಿಡುವುದಿಲ್ಲ.

ಅಹಮದಾಬಾದ್‌ನಲ್ಲಿ 2030ರ ಕಾಮನ್‌ವೆಲ್ತ್ ಕೂಟ ನಡೆಯಲಿದೆ. 2036ರ ಒಲಿಂಪಿಕ್ಸ್ ಬೇಕು ಅಂತಲೂ ದೇಶ ಕೇಳುತ್ತಿದೆ. ಆ ಕೂಟಗಳಲ್ಲಿ ಓಡಬೇಕಾದ ಮಕ್ಕಳು ಈಗ ಹಾಸ್ಟೆಲ್‌ಗಳಲ್ಲಿ ಇದ್ದಾರೆ. ಅಲ್ಲಿಯವರೆಗೆ ಕಾಯದೆ ಕರ್ನಾಟಕ ತಾನೇ ಮಾಡಬಹುದಾದ ಕೆಲಸಗಳಿವೆ. ರಾಜ್ಯಮಟ್ಟದ ದಸರಾ ಕ್ರೀಡಾಕೂಟದಲ್ಲಿ, ಶಾಲಾ ಕೂಟಗಳ ಕೊನೆಯ ಹಂತದಲ್ಲಿ ಪರೀಕ್ಷೆ ಮಾಡಿ ಅಂತ ನಾಡಾವನ್ನು ಕೇಳಬಹುದು. ಕೋಚ್‌ಗೆ ಪ್ರಶಸ್ತಿ, ಬಡ್ತಿ ಕೊಡುವಾಗ ಅವರ ಎಷ್ಟು ಶಿಷ್ಯರು ನಿಷೇಧಕ್ಕೆ ಒಳಗಾಗಿದ್ದಾರೆ ಅಂತ ನೋಡಬಹುದು.

ಮನೆಯವರೂ ನೋಡಬೇಕಾದದ್ದು ಇದೆ. ಕೆಲವೇ ವಾರದಲ್ಲಿ ತೂಕ ಏರುವುದು, ಬೆನ್ನು ಮತ್ತು ಭುಜದ ಮೇಲೆ ದಪ್ಪ ಮೊಡವೆ, ಕಾರಣವಿಲ್ಲದ ಸಿಟ್ಟು, ಹುಡುಗಿಯ ದನಿಯಲ್ಲಿ ಒರಟು. ಇವು ಕಂಡರೆ ಬೈಯಬೇಡಿ, ವೈದ್ಯರ ಹತ್ತಿರ ಕರೆದುಕೊಂಡು ಹೋಗಿ. ಯಾವುದೇ ಔಷಧ ಕೊಟ್ಟರೂ ನಾಡಾದ "ನೋ ಯುವರ್ ಮೆಡಿಸಿನ್" ಆ್ಯಪ್‌ನಲ್ಲಿ ಹೆಸರು ಹಾಕಿ ನೋಡಬಹುದು, ಉಚಿತ.

ಇನ್ನೊಂದು ಕೆಲಸಕ್ಕೆ ಹಣವೂ ಬೇಕಿಲ್ಲ. ಪ್ರತಿ ಕ್ರೀಡಾ ಹಾಸ್ಟೆಲ್‌ನಲ್ಲಿ, ಪ್ರತಿ ಖಾಸಗಿ ಅಕಾಡೆಮಿಯಲ್ಲಿ ಒಂದು ದಾಖಲೆ ಪುಸ್ತಕ ಇಡಲಿ. ಮಗುವಿಗೆ ಕೊಟ್ಟ ಪ್ರತಿ ಇಂಜೆಕ್ಷನ್, ಪ್ರತಿ ಮಾತ್ರೆ, ಪ್ರತಿ ಡಬ್ಬದ ಪುಡಿ ಅದರಲ್ಲಿ ಬರಲಿ. ಔಷಧದ ಹೆಸರು, ಬ್ಯಾಚ್ ಸಂಖ್ಯೆ, ಚೀಟಿ ಬರೆದ ವೈದ್ಯರು, ಕೊಟ್ಟವರ ಸಹಿ. ತಿಂಗಳಿಗೊಮ್ಮೆ ಅದರ ಫೋಟೊ ಮನೆಯವರ ವಾಟ್ಸ್ಆ್ಯಪ್‌ಗೆ ಹೋಗಲಿ. ನಾಳೆ ಆ ಮಗು ಪರೀಕ್ಷೆಯಲ್ಲಿ ಸಿಕ್ಕಿಬಿದ್ದರೆ ತನಿಖೆಗೆ ಬಂದವರು ಮೊದಲು ಆ ಪುಸ್ತಕ ತೆಗೆಯಲಿ, ಅದರಲ್ಲಿ ಸಹಿ ಹಾಕಿದವರನ್ನು ಕರೆಸಲಿ.